ಕೆಟ್ಟರೆ ರಿಪೇರಿ ಎಲ್ಲಿ? ಗುಂಡ್ಲುಪೇಟೆ ಡಿಪೋದಿಂದ ಕಾರವಾರದ ನೌಕಾನೆಲೆವರೆಗೆ

ಯುದ್ಧವಿಮಾನವೋ ಟ್ಯಾಂಕೋ ಕೊಂಡ ಸುದ್ದಿ ಬಂದ ದಿನ ನಮ್ಮ ವಾಟ್ಸ್ಆ್ಯಪ್ ಗ್ರೂಪುಗಳಲ್ಲಿ ಎರಡೇ ಪ್ರಶ್ನೆ ಓಡಾಡುತ್ತವೆ: ಎಷ್ಟು ಕೋಟಿ, ಯಾರಿಗೆ ಕಮಿಷನ್? ಎರಡೂ ಕೇಳಬೇಕಾದವೇ. ಮೂರನೆಯದನ್ನು ಮಾತ್ರ ಯಾರೂ ಕೇಳಲ್ಲ: ಇದು ಕೆಟ್ಟರೆ ಎಲ್ಲಿ ರಿಪೇರಿ ಆಗುತ್ತೆ, ಯಾರ ಕೈಲಿ? ಮೂವತ್ತು ನಲವತ್ತು ವರ್ಷ ಬಳಸುವ ಯಂತ್ರಕ್ಕೆ ಕೊಂಡ ಬೆಲೆಗಿಂತ ನೋಡಿಕೊಳ್ಳುವ ಖರ್ಚೇ ಸಾಮಾನ್ಯವಾಗಿ ಹೆಚ್ಚು. ಆ ದುಡ್ಡು ಯಾರ ಜೇಬಿಗೆ ಹೋಗುತ್ತೆ ಅನ್ನೋದು ಈ ಮೂರನೇ ಪ್ರಶ್ನೆಯ ಮೇಲೆ ನಿಂತಿದೆ.

ಮಿಲಿಟರಿ ವಿಷಯ ನಮಗ್ಯಾಕೆ ಅನ್ನಿಸಬಹುದು. ಆದರೆ ಇದರ ತರ್ಕ ಗೊತ್ತಾಗಲು ನಮ್ಮ ಗುಂಡ್ಲುಪೇಟೆಯ ಕೆಎಸ್ಆರ್‌ಟಿಸಿ ಡಿಪೋ ಸಾಕು. ರಾತ್ರಿ ಬಸ್ಸು ಒಳಗೆ ಬಂದರೆ ಗಾಳಿ, ಆಯಿಲ್, ಬ್ರೇಕ್, ಲೈಟು ನೋಡೋದು ಡಿಪೋ ಮೆಕ್ಯಾನಿಕ್. ಅದಕ್ಕಿಂತ ದೊಡ್ಡ ಕೆಲಸ ಚಾಮರಾಜನಗರ ವಿಭಾಗದ ಕಾರ್ಯಾಗಾರಕ್ಕೆ ಹೋಗುತ್ತೆ. ಎಂಜಿನ್ ಪೂರ್ತಿ ಬಿಚ್ಚಿ ಹೊಸದರಂತೆ ಮಾಡುವ ಭಾರಿ ಕೆಲಸಗಳಿಗೆ ಕೆಂಗೇರಿ, ಹಾಸನದ ಪ್ರಾದೇಶಿಕ ಕಾರ್ಯಾಗಾರಗಳಿವೆ. ಇವು ಮೂರು ಮೆಟ್ಟಿಲು. ಇವುಗಳಿಗೂ ಕೆಳಗೆ ಇನ್ನೊಂದಿದೆ, ಅದು ರಸ್ತೆಬದಿ. ಬಂಡೀಪುರ ಕಾಡಿನ ರಸ್ತೆಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿರ್ಬಂಧ. ಸಂಜೆ ಏಳೂವರೆಗೆ ಅಲ್ಲಿ ಬಸ್ಸು ನಿಂತೋಯ್ತು ಅಂದರೆ, ಹೋದ ಮೆಕ್ಯಾನಿಕ್ ಯಾಕೆ ಕೆಟ್ಟಿತು ಅಂತ ಸಂಶೋಧನೆ ಮಾಡ್ತಾ ಕೂರಲ್ಲ. ಹೇಗೋ ಉಸಿರು ಕೊಟ್ಟು ಗಾಡಿಯನ್ನು ಕಾಡಿನಿಂದ ಆಚೆ ತರ್ತಾನೆ.

ಸೇನೆಯಲ್ಲೂ ಹೀಗೇನೇ, ಆನೆಯ ಜಾಗದಲ್ಲಿ ಶತ್ರು. 1943ರಲ್ಲಿ ಶುರುವಾದ ಇಎಂಇ ಎಂಬ ಎಂಜಿನಿಯರುಗಳ ದಳದ ಕೆಲಸವೇ ಇದು. ಪಡೆಯ ಜೊತೆಗೇ ಇರುವ ಸಣ್ಣ ತಂಡ ಭಾಗ ಬದಲಿಸಿ ಗಾಡಿ ಓಡಿಸುತ್ತೆ. ಅದರ ಹಿಂದೆ ಫೀಲ್ಡ್ ವರ್ಕ್‌ಶಾಪು. ಯುದ್ಧಭೂಮಿಯಿಂದ ದೂರ, ಕಾರ್ಖಾನೆಯಂಥ ಬೇಸ್ ವರ್ಕ್‌ಶಾಪು. ಬೆಂಗಳೂರಿನ ಹಲಸೂರಿನ 515 ಆರ್ಮಿ ಬೇಸ್ ವರ್ಕ್‌ಶಾಪ್ ಅಂಥದ್ದೊಂದು.

ಯಾವ ಕೆಲಸ ಯಾವ ಮೆಟ್ಟಿಲಿಗೆ ಅಂತ ನಿರ್ಧರಿಸುವುದಕ್ಕೆ ಒಂದು ಲೆಕ್ಕಾಚಾರ ಇದೆ. ಅದರ ಹೆಸರು ಲೆವೆಲ್ ಆಫ್ ರಿಪೇರ್ ಅನಾಲಿಸಿಸ್. ಅಮೆರಿಕದ ಸೇನೆ ಅದಕ್ಕೆ ಮಿಲ್-ಸ್ಟ್ಯಾಂಡರ್ಡ್ 1390 ಎಂಬ ನಿಯಮಾವಳಿಯನ್ನೇ ಬರೆದಿತ್ತು. ಪ್ರತಿ ಭಾಗಕ್ಕೂ ಮೂರರಲ್ಲಿ ಒಂದು ಉತ್ತರ: ಎಸೆದು ಹೊಸದು ಹಾಕು, ಇಲ್ಲೇ ರಿಪೇರಿ ಮಾಡು, ಮೇಲಿನವರಿಗೆ ಕಳಿಸು.

ಕಳಿಸೋದು ಅಗ್ಗ ಅಂತ ಮೊದಲು ಅನ್ನಿಸುತ್ತೆ. ದುಬಾರಿ ಟೆಸ್ಟಿಂಗ್ ಯಂತ್ರ ಹತ್ತು ಕಡೆ ಇಡುವ ಬದಲು ಒಂದೇ ಕಡೆ ಇಟ್ಟರಾಯಿತು, ಪಳಗಿದ ಕೈಗಳೂ ಅಲ್ಲೇ. ಆದರೆ ಒಂದು ಲೆಕ್ಕ ಹಾಕಿ. ಒಂದು ಪಡೆಯಲ್ಲಿ ತಿಂಗಳಿಗೆ ಎರಡು ಗೇರ್‌ಬಾಕ್ಸ್ ಕೆಡುತ್ತವೆ, ದೂರದ ವರ್ಕ್‌ಶಾಪಿಗೆ ಹೋಗಿ ಬರಲು ಮೂರು ತಿಂಗಳು ಹಿಡಿಯುತ್ತೆ ಅಂತಿಟ್ಟುಕೊಳ್ಳಿ. ಆಗ ಸದಾ ಆರು ಗೇರ್‌ಬಾಕ್ಸ್ ದಾರಿಯಲ್ಲೋ ಸಾಲಿನಲ್ಲೋ ಇರುತ್ತವೆ. ಗಾಡಿ ನಿಲ್ಲಬಾರದು ಅಂದರೆ ಆರು ಹೆಚ್ಚುವರಿ ಕೊಂಡಿಡಬೇಕು. ಅದೇ ಕೆಲಸ ಹತ್ತಿರದಲ್ಲಿ ಹದಿನೈದು ದಿನದಲ್ಲಿ ಆಗುವಂತಿದ್ದರೆ ಒಂದು ಸಾಕು. ಉಳಿಯುವ ಐದರ ಬೆಲೆ ಒಂದು ಕಡೆ, ಇಲ್ಲೇ ಯಂತ್ರ ಮತ್ತು ಜನ ಇಡುವ ಖರ್ಚು ಇನ್ನೊಂದು ಕಡೆ. ತಕ್ಕಡಿ ಯಾವ ಕಡೆ ವಾಲುತ್ತೋ ಅದೇ ಉತ್ತರ.

ಕೆಲವು ಸಲ ತಕ್ಕಡಿಯೇ ಬೇಕಿಲ್ಲ. ಐಎನ್ಎಸ್ ವಿಕ್ರಮಾದಿತ್ಯದ ನೆಲೆ ನಮ್ಮ ಕಾರವಾರ. ಅಲ್ಲಿ ಹಡಗು ರಿಪೇರಿ ಯಾರ್ಡ್ ಇದೆ, ಹಡಗನ್ನು ನೀರಿನಿಂದ ಎತ್ತುವ ಶಿಪ್‌ಲಿಫ್ಟ್ ಇದೆ. ಶಿಪ್‌ಲಿಫ್ಟಿನ ಸಾಮರ್ಥ್ಯ 10,000 ಟನ್, ವಿಕ್ರಮಾದಿತ್ಯದ ತೂಕ ಸುಮಾರು 44,500 ಟನ್. ಹಾಗಾಗಿ ತಳ ಒಣಗಿಸಿ ಮಾಡುವ ಕೆಲಸಕ್ಕೆ ಅದು ಬೇರೆ ಕಡೆ ಹೋಗಲೇಬೇಕು. 2024ರ ನವೆಂಬರ್ 30ರಂದು ರಕ್ಷಣಾ ಸಚಿವಾಲಯ ಕೊಚ್ಚಿನ್ ಶಿಪ್‌ಯಾರ್ಡ್ ಜೊತೆ 1,207 ಕೋಟಿ ರೂಪಾಯಿಯ ಒಪ್ಪಂದ ಮಾಡಿಕೊಂಡಿದ್ದು ಈ ಕೆಲಸಕ್ಕೇ. ಇದರಲ್ಲಿ ರಾಜಕೀಯ ಹುಡುಕುವುದು ವ್ಯರ್ಥ.

ರಾಜಕೀಯ ಇರುವುದು ಬೇರೆ ಕಡೆ. ಹತ್ತಿರದ ವರ್ಕ್‌ಶಾಪಿನಲ್ಲಿ ರಿಪೇರಿ ಮಾಡೋಣ ಅಂತ ಲೆಕ್ಕ ಹೇಳಿದರೂ, ಮಾಡುವವನ ಕೈಯಲ್ಲಿ ನಕ್ಷೆ, ಕೈಪಿಡಿ, ಸಾಫ್ಟ್‌ವೇರ್ ಇರಬೇಕಲ್ಲ? ಅದು ತಯಾರಕರ ಬಳಿಯೇ ಉಳಿದರೆ ಲೆಕ್ಕ ಬರೀ ಕಾಗದದ ಮೇಲೆ. ಅಮೆರಿಕವೇ ಇದರಲ್ಲಿ ಸಿಕ್ಕಿಬಿದ್ದಿದೆ. ಅಲ್ಲಿನ ಸಂಸತ್ತಿಗೆ ವರದಿ ಕೊಡುವ ಲೆಕ್ಕಪರಿಶೋಧನಾ ಸಂಸ್ಥೆ ಜಿಎಒ 2023ರ ಸೆಪ್ಟೆಂಬರ್‌ನಲ್ಲಿ ಹೇಳಿದ್ದು: ಎಫ್-35 ವಿಮಾನಗಳು ಹಾರಾಟಕ್ಕೆ ಸಜ್ಜಾಗಿದ್ದ ಪ್ರಮಾಣ ಸುಮಾರು ಶೇ 55 ಮಾತ್ರ. ಮೇಲಿನ ಹಂತದ ರಿಪೇರಿ ಕೇಂದ್ರಗಳನ್ನು ಹೊತ್ತಿಗೆ ಸರಿಯಾಗಿ ಕಟ್ಟಿರಲಿಲ್ಲ, 10,000ಕ್ಕೂ ಹೆಚ್ಚು ಭಾಗಗಳು ಸರದಿಯಲ್ಲಿದ್ದವು. ತಾಂತ್ರಿಕ ಮಾಹಿತಿ ಕೈಯಲ್ಲಿಲ್ಲದ ಮಿಲಿಟರಿ ಗುತ್ತಿಗೆದಾರರನ್ನೇ ನೆಚ್ಚಿಕೊಂಡಿತ್ತು. ಕೊನೆಗೆ 2025ರ ಏಪ್ರಿಲ್‌ನಲ್ಲಿ, ಒಪ್ಪಂದಗಳಲ್ಲಿ 'ರಿಪೇರಿಯ ಹಕ್ಕು' ಸೇರಿಸಬೇಕು ಅಂತ ಅಲ್ಲಿನ ಭೂಸೇನೆಗೆ ಆದೇಶವಾಯಿತು. ಜಗತ್ತಿನಲ್ಲೇ ಹೆಚ್ಚು ದುಡ್ಡು ಸುರಿಯುವ ಮಿಲಿಟರಿ ತಾನು ಕೊಂಡ ಗಾಡಿಯ ಬಾನೆಟ್ ಎತ್ತೋಕೆ ಅನುಮತಿ ಕೇಳುವ ಸ್ಥಿತಿ ನೋಡಿ!

ನಮ್ಮಲ್ಲಿ ಮೆಟ್ಟಿಲುಗಳನ್ನೇ ಮರುಜೋಡಿಸುವ ಕೆಲಸ ನಡೆದಿದೆ. ಶೇಕಟ್ಕರ್ ಸಮಿತಿಯ ಶಿಫಾರಸುಗಳಲ್ಲಿ ಭೂಸೇನೆಗೆ ಸಂಬಂಧಿಸಿದ 65ನ್ನು ಸರ್ಕಾರ 2017ರ ಆಗಸ್ಟ್‌ನಲ್ಲಿ ಒಪ್ಪಿಕೊಂಡಿತು. ಬೇಸ್ ವರ್ಕ್‌ಶಾಪುಗಳೂ ಸೇರಿದಂತೆ ರಿಪೇರಿ ಹಂತಗಳ ಪುನರ್ರಚನೆ ಅದರಲ್ಲಿತ್ತು. ಸರ್ಕಾರದ ಒಡೆತನ, ಗುತ್ತಿಗೆದಾರರ ನಿರ್ವಹಣೆ ಎಂಬ ಮಾದರಿಯೂ ಮುಂದೆ ಬಂತು, ನೌಕರರ ಸಂಘಗಳು ವಿರೋಧಿಸಿದವು. ಸರ್ಕಾರಿ ವರ್ಕ್‌ಶಾಪು ಅಂದರೆಲ್ಲ ದಕ್ಷ ಅಂತ ನಾನು ವಾದಿಸಲ್ಲ, ಕೆಲಸ ತಡವಾಗುವ ದೂರು ಹಳೆಯದು. ಆದರೆ ಗುತ್ತಿಗೆ ಮುಗಿದ ದಿನ ಕಂಪನಿ ಹೊರಟರೆ, ಇಪ್ಪತ್ತು ವರ್ಷದಲ್ಲಿ ಕೈಗೆ ಹತ್ತಿದ ವಿದ್ಯೆ ಯಾರ ಜೊತೆ ಹೋಗುತ್ತೆ ಅಂತ ಒಪ್ಪಂದದಲ್ಲಿ ಬರೆದಿರಬೇಕು.

ಇದೇ ತಕರಾರು ಬಸ್ಸಿಗೂ ಬಂದಿದೆ. ಬಿಎಂಟಿಸಿಯ ಗುತ್ತಿಗೆ ಎಲೆಕ್ಟ್ರಿಕ್ ಬಸ್ಸುಗಳಲ್ಲಿ ಕಂಡಕ್ಟರ್ ಮಾತ್ರ ನಿಗಮದವರು. ಬಸ್ಸು, ಚಾಲಕ, ರಿಪೇರಿ ಎಲ್ಲ ಕಂಪನಿಯದು, ನಿಗಮ ಕಿಲೋಮೀಟರ್ ಲೆಕ್ಕದಲ್ಲಿ ದುಡ್ಡು ಕಟ್ಟುತ್ತೆ. ನೂರಾರು ವೋಲ್ಟಿನ ಬ್ಯಾಟರಿಯನ್ನು ಡಿಪೋದಲ್ಲಿ ಬಿಚ್ಚಬೇಡಿ ಅನ್ನೋದು ಸರಿಯೇ, ಜೀವದ ಪ್ರಶ್ನೆ. ಬಾಗಿಲು, ಬ್ರೇಕು, ಸಸ್ಪೆನ್ಶನ್ನಿಗೆ ಆ ಭಯ ಇಲ್ಲ. ಇದೇ ಮಾದರಿ ನಾಳೆ ಗುಂಡ್ಲುಪೇಟೆಗೆ ಬಂದರೆ, ಚಾಮರಾಜನಗರದಲ್ಲಿ ಐಟಿಐ ಮುಗಿಸಿದ ಹುಡುಗನಿಗೆ ಡಿಪೋದಲ್ಲಿ ಸಿಗುವ ಕೆಲಸ ಬಸ್ಸು ತೊಳೆಯುವುದೋ, ಬಿಚ್ಚಿ ಜೋಡಿಸುವುದೋ ಅನ್ನೋದು ಟೆಂಡರ್ ದಾಖಲೆಯ ನಿರ್ವಹಣೆಯ ಪುಟದಲ್ಲಿ ತೀರ್ಮಾನವಾಗಿರುತ್ತೆ. ಆ ದಾಖಲೆ ಸಾಮಾನ್ಯವಾಗಿ ನಿಗಮದ ವೆಬ್‌ಸೈಟಿನಲ್ಲೋ ಟೆಂಡರ್ ಪೋರ್ಟಲ್‌ನಲ್ಲೋ ಸಿಗುತ್ತೆ.