ಅಗಸಿಯ ಕಾವಲಿಗೆ ಭೂಮಿಯೇ ಸಂಬಳವಾಗಿತ್ತು

ತಿರ್ಲಾಪುರ (ನವಲಗುಂದ ತಾ.): ನವಲಗುಂದ ತಾಲ್ಲೂಕಿನ ಈ ಎರೆನೆಲದ ಸೀಮೆಯಲ್ಲಿ ಊರಿನ ಹೆಬ್ಬಾಗಿಲಿಗೆ ಅಗಸಿ ಎಂದು ಹೆಸರು. ಕೋಟೆಗೋಡೆ ಬಿದ್ದು, ಕದಗಳೇ ಇಲ್ಲವಾದ ಹಳ್ಳಿಗಳಲ್ಲಿಯೂ ಆ ಮಾತು ಉಳಿದುಕೊಂಡಿದೆ. ಅಗಸಿಯನ್ನು ಕಾಯುತ್ತಿದ್ದವನು ತಳವಾರ. ಅವನ ಹುದ್ದೆ 1963ರಲ್ಲಿ ಕಾನೂನಿನ ಪ್ರಕಾರ ಕೊನೆಗೊಂಡಿತು. ಆದರೆ ಆ ಹುದ್ದೆಗೆ ಅಂಟಿದ್ದ ಜಮೀನು ಮತ್ತು ಹೆಸರಿನ ಪ್ರಶ್ನೆಗಳು ಅಲ್ಲಿಗೇ ಮುಗಿಯಲಿಲ್ಲ.

ಬ್ಯಾಂಕು, ಆಸ್ಪತ್ರೆಗಳ ಬಾಗಿಲಲ್ಲಿ ನಿಲ್ಲುವ ಇಂದಿನ ಸೆಕ್ಯುರಿಟಿಯವರಂತೆ ತಳವಾರನ ಹೊಣೆ ಬಾಗಿಲಿಗಷ್ಟೇ ಸೀಮಿತವಾಗಿರಲಿಲ್ಲ. ಸಂಜೆ ಅಗಸಿಯ ಕದ ಮುಚ್ಚಿದ ಮೇಲೆ ಬಂದವರು ದಿಡ್ಡಿಬಾಗಿಲಿನಲ್ಲಿ ತಲೆ ತಗ್ಗಿಸಿಯೇ ಒಳಬರಬೇಕು. ಯಾವ ಊರು, ಯಾರ ಮನೆಗೆ ಎಂಬುದನ್ನು ವಿಚಾರಿಸುವುದು, ರಾತ್ರಿ ಗಸ್ತು ತಿರುಗುವುದು, ಕಣದ ರಾಶಿ ಹಾಗೂ ಹಗೇವಿನ ಜೋಳದ ಮೇಲೆ ಕಣ್ಣಿಡುವುದು ಎಲ್ಲವೂ ಅವನ ಪಾಲಿಗೆ.

ಕಳ್ಳತನವಾದರೆ ಹೆಜ್ಜೆಯ ಜಾಡು ಹಿಡಿಯಬೇಕಾದವನೂ ಅವನೇ. ಜಾಡನ್ನು ಪಕ್ಕದ ಊರಿನ ಸೀಮೆಯವರೆಗೆ ಒಯ್ದು ತೋರಿಸಿದರೆ ಹೊಣೆ ಆ ಊರಿನವರ ಮೇಲೆ ಬೀಳುತ್ತಿತ್ತು. ಇಲ್ಲವಾದರೆ ಕಳುವಾದುದನ್ನು ತುಂಬಿಕೊಡುವ ಭಾರ ಸ್ವಂತ ಊರಿಗೇ. ಹಸಿ ಎರೆಮಣ್ಣು ಹೆಜ್ಜೆಯನ್ನು ಚೆನ್ನಾಗಿಯೇ ಹಿಡಿದಿಡುತ್ತದೆ. ಬೇಸಿಗೆಯಲ್ಲಿ ಬಿರುಕುಬಿಟ್ಟ ನೆಲದಲ್ಲಿ ಜಾಡು ಓದುವುದು ಮಾತ್ರ ಬೇರೆಯದೇ ವಿದ್ಯೆ. ದೇಗುಲದ ದ್ವಾರಪಾಲಕನಿಗೆ ಶಿಲ್ಪಿ ಗದೆ ಕೊಟ್ಟ. ಊರಿನ ದ್ವಾರಪಾಲಕನಿಗೆ ಸಿಕ್ಕಿದ್ದು ಒಂದು ಕೋಲು.

ಈ ವೃತ್ತಿ ಬಹು ಹಳೆಯದು. 12ನೇ ಶತಮಾನದ ವಚನಕಾರರಲ್ಲಿ ತಳವಾರ ಕಾಮಿದೇವಯ್ಯ ಎಂಬ ಶರಣನಿದ್ದಾನೆ.

ಸಂಬಳವೆಂದರೆ ಇನಾಂ ಭೂಮಿ, ಸುಗ್ಗಿಯಲ್ಲಿ ರೈತರು ಕೊಡುವ ಆಯ. ಹೊಲದ ಸನದು ಪಡೆದು ಕಾವಲು ಸೇವೆ ಮಾಡುತ್ತಿದ್ದ ಶೇತಸನದಿಗಳೂ ಧಾರವಾಡ ಸೀಮೆಯಲ್ಲಿದ್ದರು. ಆಗ ಮುಂಬಯಿ ಆಧಿಪತ್ಯಕ್ಕೆ ಸೇರಿದ್ದ ಈ ಭಾಗದಲ್ಲಿ 1867ರ ಗ್ರಾಮ ಪೊಲೀಸ್ ಕಾಯ್ದೆಯು ಊರ ಕಾವಲುಗಾರರನ್ನು ಪೊಲೀಸ್ ಪಾಟೀಲನ ಕೈಕೆಳಗೆ ತಂದಿತು. 1874ರ ವತನ್ ಕಾಯ್ದೆಯು ವಂಶಪಾರಂಪರ್ಯ ಹುದ್ದೆಗಳನ್ನೂ ಅವುಗಳ ಭೂಮಿಯನ್ನೂ ಕಾನೂನಿನ ಚೌಕಟ್ಟಿಗೆ ಒಳಪಡಿಸಿತು.

ಸ್ವಾತಂತ್ರ್ಯಾನಂತರ, 1961ರಲ್ಲಿ ರಚಿತವಾದ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆಯು 1963ರ ಫೆಬ್ರುವರಿ 1ರಂದು ಜಾರಿಗೆ ಬಂದಿತು. ವತನ್ ಭೂಮಿಯನ್ನು ಸರಕಾರ ವಶಕ್ಕೆ ಪಡೆದು, ನಿಗದಿತ ಹಣ ಕಟ್ಟಿದ ಹಕ್ಕುದಾರರಿಗೆ ಮರುಮಂಜೂರು ಮಾಡುವ ವ್ಯವಸ್ಥೆ ಇದರಲ್ಲಿತ್ತು. ಅರ್ಜಿ ಹಾಕದೆ ಕುಳಿತವರು, ಆದೇಶಕ್ಕೆ ಮುನ್ನವೇ ಹೊಲ ಮಾರಿದವರು ತೊಡಕಿಗೆ ಸಿಲುಕಿದರು. 1978ರ ತಿದ್ದುಪಡಿಯು ಮರುಮಂಜೂರಾದ ಜಮೀನಿನ ಪರಭಾರೆಯನ್ನು 15 ವರ್ಷಗಳ ಕಾಲ ನಿಷೇಧಿಸಿತು. ಆದ್ದರಿಂದಲೇ ಇಂಥ ಹೊಲ ಕೊಳ್ಳುವವರು ಪಹಣಿಯನ್ನಷ್ಟೇ ನೋಡಿದರೆ ಸಾಲದು. ಮರುಮಂಜೂರಾತಿಯ ಆದೇಶ ಮತ್ತು ಅದರ ದಿನಾಂಕವನ್ನೂ ಪರಿಶೀಲಿಸತಕ್ಕದ್ದು.

ಹೆಸರಿನ ಪ್ರಶ್ನೆ ಇದಕ್ಕಿಂತ ಜಟಿಲ. 2020ರಲ್ಲಿ ಸಂಸತ್ತು ತಳವಾರ ಮತ್ತು ಪರಿವಾರ ಸಮುದಾಯಗಳನ್ನು ನಾಯಕ ಪಂಗಡದ ಪರ್ಯಾಯ ಹೆಸರುಗಳೆಂದು ಕರ್ನಾಟಕದ ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿಸಿತು. ಆದರೆ ಊರ ಕಾವಲು ಒಂದೇ ಸಮುದಾಯದ ಕೆಲಸವಾಗಿರಲಿಲ್ಲ. ಕೆಲವೆಡೆ ಕಬ್ಬಲಿಗರೂ ತಳವಾರಿಕೆ ಮಾಡಿ ಅದೇ ಹೆಸರಿನಿಂದ ಕರೆಸಿಕೊಂಡವರು. ಅಜ್ಜ ಅಗಸಿ ಕಾಯ್ದ ಕಾರಣಕ್ಕೆ ಬಂದ ಹೆಸರು ವೃತ್ತಿಯದೋ, ಪಂಗಡದ್ದೋ ಎಂಬ ವಾದ ಜಾತಿ ಪ್ರಮಾಣಪತ್ರ ನೀಡುವ ಕಚೇರಿಗಳಿಗೆ ಬಂದು ನಿಂತದ್ದು ಹೀಗೆ.