ಯುದ್ಧವು ಯಾವ ದಿವಸ ಆರಂಭವಾಯಿತು?

ಹಿಂದೊಮ್ಮೆ ಕುಣಿಗಲ್ ಸೀಮೆಯ ಹುತ್ರಿದುರ್ಗಕ್ಕೆ ನಮ್ಮ ಮೇಲ್ತರಗತಿಯ ಮಕ್ಕಳನ್ನು ಕರೆದುಕೊಂಡು ಹೋಗಿದ್ದೆವು. ಕೋಟೆಯ ಕಲ್ಲುಗಳ ಮೇಲೆ ಕುಳಿತು ಬುತ್ತಿ ಬಿಚ್ಚುತ್ತಿದ್ದಾಗ ಒಬ್ಬ ಹುಡುಗಿಯು, "ಟೀಚರ್, ನಾಲ್ಕನೆಯ ಮೈಸೂರು ಯುದ್ಧವು 1799ರಲ್ಲಿ ಯಾವ ದಿವಸ ಆರಂಭವಾಯಿತು? ಒಂದು ಪುಸ್ತಕದಲ್ಲಿ ಫೆಬ್ರವರಿಯೆಂದೂ ಇನ್ನೊಂದರಲ್ಲಿ ಮಾರ್ಚಿಯೆಂದೂ ಇದೆ. ಪರೀಕ್ಷೆಯಲ್ಲಿ ಯಾವುದನ್ನು ಬರೆಯಲಿ?" ಎಂದು ಕೇಳಿದಳು. ಅಂದು ನಾನು ಕೊಟ್ಟ ಉತ್ತರವು ನನಗೇ ತೃಪ್ತಿಯನ್ನುಂಟುಮಾಡಲಿಲ್ಲ. ಈ ಸ್ಮರಣ ಸಂಚಿಕೆಯಲ್ಲಿ ಅದಕ್ಕೆ ಸರಿಯಾದ ಉತ್ತರವನ್ನು ಬರೆಯಲು ಯತ್ನಿಸುತ್ತೇನೆ. ಆ ಹುಡುಗಿಯು ಈಗ ನಮ್ಮ ಪೂರ್ವ ವಿದ್ಯಾರ್ಥಿನಿಯರಲ್ಲಿ ಒಬ್ಬಳಾಗಿರುವುದರಿಂದ ಇದನ್ನು ಓದುವಳೆಂದು ನಂಬಿದ್ದೇನೆ.

ಮೊದಲು ಹುತ್ರಿದುರ್ಗದ ವಿಷಯ. 1791ರ ಮೇ ತಿಂಗಳಿನಲ್ಲಿ ಲಾರ್ಡ್ ಕಾರ್ನ್‌ವಾಲಿಸನು ಶ್ರೀರಂಗಪಟ್ಟಣದ ಸಮೀಪದವರೆಗೆ ಬಂದು, ಟೀಪೂ ಸುಲ್ತಾನನ ಸೈನ್ಯವನ್ನು ಅರಕೆರೆಯ ಹತ್ತಿರ ಹಿಮ್ಮೆಟ್ಟಿಸಿದನು. ಆದರೂ ಪಟ್ಟಣವನ್ನು ಹಿಡಿಯಲು ಅವನಿಂದಾಗಲಿಲ್ಲ. ಮಳೆಗಾಲವು ಹತ್ತಿರ ಬಂತು. ಮೇವಿಲ್ಲದೆ ಎತ್ತುಗಳು ಸತ್ತುವು. ಎಳೆಯುವ ಎತ್ತುಗಳಿಲ್ಲದ ದೊಡ್ಡ ಫಿರಂಗಿಗಳನ್ನು ಅವನೇ ಒಡೆಸಿಹಾಕಿ ಹಿಂದಿರುಗಬೇಕಾಯಿತು. ಆ ಸೋಲಿನಿಂದ ಅವನು ಕಲಿತ ಪಾಠವೇನೆಂದರೆ, ಈ ದೇಶದಲ್ಲಿ ಕತ್ತಿಗಿಂತ ಎತ್ತು ಮುಖ್ಯ, ಎತ್ತಿಗಿಂತ ಋತು ಮುಖ್ಯ ಎಂಬುದು. ಆ ವರ್ಷದ ಕೊನೆಯಲ್ಲಿ ಸಾವನದುರ್ಗವನ್ನೂ ಹುತ್ರಿದುರ್ಗವನ್ನೂ ಹಿಡಿದು, ಬೆಂಗಳೂರಿನಿಂದ ಬರತಕ್ಕ ದವಸದ ದಾರಿಯನ್ನು ಭದ್ರಮಾಡಿಕೊಂಡ ಮೇಲೆಯೇ ಅವನು 1792ರ ಫೆಬ್ರವರಿಯಲ್ಲಿ ಮುಂದುವರಿದನು. ಸುಲ್ತಾನನು ತನ್ನ ರಾಜ್ಯದ ಅರ್ಧವನ್ನೂ 3 ಕೋಟಿ 30 ಲಕ್ಷ ರೂಪಾಯಿಗಳನ್ನೂ ಒಪ್ಪಿಸಬೇಕಾಯಿತು. ಇಬ್ಬರು ಮಕ್ಕಳನ್ನು ಒತ್ತೆಯಿಡಬೇಕಾಯಿತು. ಮಲೆಯಾಳದ ಕರಾವಳಿಯು ಹೋಯಿತು. ಮಂಗಳೂರು ಮೊದಲಾದ ರೇವುಗಳುಳ್ಳ ಕನ್ನಡ ಕರಾವಳಿ ಮಾತ್ರ ಮೈಸೂರಿಗೆ ಉಳಿಯಿತು.

ಆರು ವರ್ಷಗಳು ಕಳೆದುವು. 1798ರ ಮೇ ತಿಂಗಳಿನಲ್ಲಿ ಮಾರ್ನಿಂಗ್ಟನ್ ಪ್ರಭುವು, ಎಂದರೆ ಮುಂದೆ ವೆಲ್ಲೆಸ್ಲಿಯೆಂದು ಪ್ರಸಿದ್ಧನಾದವನು, ಗವರ್ನರ್ ಜನರಲ್ ಆಗಿ ಕಲ್ಕತ್ತೆಗೆ ಬಂದನು. ಸುಲ್ತಾನನು ಫ್ರೆಂಚರ ಅಧೀನದಲ್ಲಿದ್ದ ಮಾರಿಷಸ್ ದ್ವೀಪಕ್ಕೆ ರಹಸ್ಯವಾಗಿ ರಾಯಭಾರಿಗಳನ್ನು ಕಳುಹಿಸಿದ್ದನು. ಅಲ್ಲಿನ ಗವರ್ನರ್ ಮಲಾರ್ಟಿಕನು ಆ ರಹಸ್ಯವನ್ನು ಕಾಪಾಡದೆ, ಸುಲ್ತಾನನ ಸಹಾಯಕ್ಕೆ ಬರುವವರು ಬರಬಹುದೆಂದು ಜನವರಿ 30ರಂದು ಡಂಗುರ ಹೊಯ್ಸಿದನು. ಮಂಗಳೂರಿಗೆ ಬಂದಿಳಿದವರು ಸುಮಾರು ನೂರು ಮಂದಿ ಮಾತ್ರ. ಆ ಘೋಷಣೆಯು ಜೂನ್ 8ರಂದು ಕಲ್ಕತ್ತೆಯ ಪತ್ರಿಕೆಯೊಂದರಲ್ಲಿ ಪ್ರಕಟವಾಯಿತು. ಜೂನ್ 20ರಂದು, ಎಂದರೆ ಹನ್ನೆರಡೇ ದಿವಸಗಳಲ್ಲಿ, ಮದ್ರಾಸಿನ ಜನರಲ್ ಹ್ಯಾರಿಸನಿಗೆ ಸೈನ್ಯವನ್ನು ಕೂಡಿಸಬೇಕೆಂಬ ಅಪ್ಪಣೆಯು ಹೊರಟಿತು.

ಓದುವವರು ಈ ತಾರೀಖನ್ನು ದಯವಿಟ್ಟು ನೆನಪಿನಲ್ಲಿಡಬೇಕು. ಏಕೆಂದರೆ ಆಗ ಯುದ್ಧವು ನಡೆಯಲಿಲ್ಲ. ನಡೆಯದಿದ್ದುದಕ್ಕೆ ಕಾರಣವು ದಯೆಯಲ್ಲ, ಸಂಧಾನದ ಆಸೆಯೂ ಅಲ್ಲ. ಬೊಕ್ಕಸವು ಬರಿದಾಗಿದೆ, ಎತ್ತುಗಳಿಲ್ಲ, ಸೈನ್ಯವು ಸಿದ್ಧವಾಗಲು ತಿಂಗಳುಗಳೇ ಬೇಕು ಎಂದು ಮದ್ರಾಸಿನವರು ಹೇಳಿದರು. ಅಲ್ಲಿನ ಕಾರ್ಯದರ್ಶಿ ಜೊಸೈಯಾ ವೆಬ್ಬನು ಯುದ್ಧವೇ ಬೇಡವೆಂದು ಬರೆದನು. ಮಾರ್ನಿಂಗ್ಟನನು ಯುದ್ಧವನ್ನು ಮುಂದಕ್ಕೆ ಹಾಕಿದನೇ ಹೊರತು ಸಂಕಲ್ಪವನ್ನು ಬಿಡಲಿಲ್ಲ. ಸುಲ್ತಾನನಿಂದ ಏನೇನನ್ನು ಪಡೆಯಬೇಕೆಂಬುದನ್ನು ಆಗಸ್ಟ್ 12ರ ಟಿಪ್ಪಣಿಯಲ್ಲಿ ಬರೆದಿಟ್ಟನು: ಅವನಿಗೆ ಉಳಿದಿರುವ ಕರಾವಳಿ, ಯುದ್ಧದ ವೆಚ್ಚ, ಫ್ರೆಂಚರ ಉಚ್ಚಾಟನೆ, ಶ್ರೀರಂಗಪಟ್ಟಣದಲ್ಲಿ ಕಂಪೆನಿಯ ಪ್ರತಿನಿಧಿ. ಅದೇ ಕಾಲದಲ್ಲಿ ಸುಲ್ತಾನನಿಗೆ ವಯನಾಡಿನ ವಿಷಯವಾಗಿ ಸ್ನೇಹದ ಕಾಗದಗಳು ಹೋಗುತ್ತಿದ್ದುವು. ಮಾರಿಷಸ್ಸಿನ ಮಾತು ಅವುಗಳಲ್ಲಿರಲಿಲ್ಲ.

ಈ ಮಧ್ಯೆ ಸಿದ್ಧತೆಗಳು ಒಂದೊಂದಾಗಿ ನಡೆದುವು. ಸೆಪ್ಟೆಂಬರ್ 1ರಂದು ಹೈದರಾಬಾದಿನ ನಿಜಾಮನೊಡನೆ ಒಪ್ಪಂದವಾಯಿತು. ಅಕ್ಟೋಬರ್ 22ರಂದು ಅಲ್ಲಿದ್ದ ಫ್ರೆಂಚ್ ಅಧಿಕಾರಿಗಳ ದಳವು, ಸುಮಾರು 14,000 ಸಿಪಾಯಿಗಳು, ಶಸ್ತ್ರಗಳನ್ನು ಒಪ್ಪಿಸಿತು. ಹೀಗೆ ನಿಜಾಮನ ರಾಜ್ಯದಿಂದ ಸುಲ್ತಾನನಿಗೆ ದೊರೆಯಬಹುದಾಗಿದ್ದ ಸಹಾಯವು ಮುಚ್ಚಿಹೋಯಿತು. ಪಶ್ಚಿಮದಲ್ಲಿ ಬೊಂಬಾಯಿಯ ಸೈನ್ಯವು ಕಣ್ಣಾನೂರಿನಲ್ಲಿ ಕೂಡಿತು. ಅದಕ್ಕೆ ಕೊಡಗಿನ ಅರಸು ವೀರರಾಜೇಂದ್ರನ ನೆರವಿತ್ತು. ಬಾರಾಮಹಲಿನ ಕಲೆಕ್ಟರ್ ರೀಡನು ದವಸ ಮತ್ತು ಜಾನುವಾರುಗಳನ್ನು ಶೇಖರಿಸಿದನು. ದವಸದ ಮೂಟೆಗಳನ್ನು ಹೊತ್ತು ಸೈನ್ಯದ ಹಿಂದೆ ಬರಲು ಲಂಬಾಣಿಗಳ ಎತ್ತುಗಳು ಗೊತ್ತಾದುವು.

ಫ್ರೆಂಚರ ಭಯವು ನಿಜವಲ್ಲವೇ ಎಂದು ಕೇಳಬಹುದು. ನಿಜವೇ, ನೆಪೋಲಿಯನ್ನನು ಜುಲೈ ತಿಂಗಳಿನಲ್ಲಿ ಈಜಿಪ್ಟಿನಲ್ಲಿ ಇಳಿದಿದ್ದನು. ಆದರೆ ಆಗಸ್ಟ್ 1ರಂದು ನೈಲ್ ನದಿಯ ಮುಖದಲ್ಲಿ ಅವನ ನೌಕಾಬಲವನ್ನು ನೆಲ್ಸನ್ನನು ನಾಶಮಾಡಿದನು. ಆ ಸುದ್ದಿಯು ಅಕ್ಟೋಬರ್ ಕೊನೆಯಲ್ಲಿ ಕಲ್ಕತ್ತೆಗೆ ತಲಪಿತು. ಭಯವೊಂದೇ ಕಾರಣವಾಗಿದ್ದರೆ, ಭಯವು ಕಡಮೆಯಾದಾಗ ಸಿದ್ಧತೆಯೂ ಕಡಮೆಯಾಗಬೇಕಾಗಿತ್ತು. ಹಾಗಾಗಲಿಲ್ಲ. ನವೆಂಬರ್ 4ರಂದು ಮಾರ್ನಿಂಗ್ಟನನು ಆ ವಿಜಯದ ಸುದ್ದಿಯನ್ನು ತಾನೇ ಸುಲ್ತಾನನಿಗೆ ಬರೆದು ತಿಳಿಸಿದನು. ನಾಲ್ಕು ದಿವಸಗಳ ಮೇಲೆ, ನವೆಂಬರ್ 8ರ ಕಾಗದದಲ್ಲಿ, ಫ್ರೆಂಚರ ಸಂಬಂಧವನ್ನು ಕುರಿತ ಆಕ್ಷೇಪಣೆಯು ಮೊದಲ ಸಲ ಬಂತು. ಅಪ್ಪಣೆಗೂ ಆಕ್ಷೇಪಣೆಗೂ ನಡುವೆ ನಾಲ್ಕೂವರೆ ತಿಂಗಳುಗಳಿಗೂ ಹೆಚ್ಚು ಅಂತರ!

ವರ್ಷದ ಕೊನೆಗೆ ಅವನು ಮದ್ರಾಸಿಗೇ ಬಂದು ನಿಂತನು. 1799ರ ಜನವರಿ 9ರಂದು ಬರೆದ ಕಾಗದದಲ್ಲಿ, ಇದು ತಲಪಿದ ಮೇಲೆ ಉತ್ತರಕ್ಕೆ ಒಂದು ದಿವಸಕ್ಕಿಂತ ಹೆಚ್ಚು ತಡಮಾಡಬಾರದೆಂದು ಕೇಳಿದನು. ಏತಕ್ಕೆ ಅಷ್ಟು ಅವಸರ? ಕಾರ್ನ್‌ವಾಲಿಸನ ಪಾಠವನ್ನು ಇಲ್ಲಿ ಜ್ಞಾಪಿಸಿಕೊಳ್ಳಬೇಕು. ಮುಂಗಾರು ಬಿದ್ದು ಕಾವೇರಿಯು ತುಂಬಿ ಹರಿದರೆ ಶ್ರೀರಂಗಪಟ್ಟಣದ ದ್ವೀಪವನ್ನು ಮುಟ್ಟುವ ಬಗೆಯಿಲ್ಲ. ಫೆಬ್ರವರಿಯಲ್ಲಿ ಹೊರಟರೆ ಮಾತ್ರ ಮೇ ತಿಂಗಳಿನೊಳಗೆ ಕೆಲಸವು ಮುಗಿಯುವುದು. ಗಡುವನ್ನು ಇಟ್ಟದ್ದು ಸುಲ್ತಾನನ ನಡತೆಯಲ್ಲ, ಮಳೆಗಾಲ. ಫೆಬ್ರವರಿ 3ರಂದು ಹೊರಡುವ ಅಪ್ಪಣೆಯಾಯಿತು. ದೂತನನ್ನು ಕಾಣಲು ಒಪ್ಪುವೆನೆಂಬ ಸುಲ್ತಾನನ ಕಾಗದವು 13ರಂದು ಮದ್ರಾಸಿಗೆ ಬಂತು. ಮಾರನೆಯ ದಿನ ಹ್ಯಾರಿಸನು ವೆಲ್ಲೂರನ್ನು ಬಿಟ್ಟನು. ಅವನ ಸಂಗಡ ಸುಮಾರು 20,000 ಮಂದಿ. ನಿಜಾಮನ ಕಡೆಯಿಂದ 16,000. ಕೊಡಗಿನ ದಾರಿಯಿಂದ 6,000. ಮಾರ್ಚಿ 5ರಂದು ಗಡಿಯನ್ನು ದಾಟಿದರು. 27ರಂದು ಮಳವಳ್ಳಿಯಲ್ಲಿ ಕಾದಿದರು. ಮೇ 4ರ ಮಧ್ಯಾಹ್ನ ಕೋಟೆಯೊಳಕ್ಕೆ ನುಗ್ಗಿದರು. ಸುಲ್ತಾನನು ಅಲ್ಲಿಯೇ ಮಡಿದನು. ಆಗ ಕಾವೇರಿಯಲ್ಲಿ ನೀರು ಇನ್ನೂ ತಗ್ಗಾಗಿಯೇ ಇತ್ತು.

ಆ ಮೇಲಣ ಒಪ್ಪಂದಗಳ ಪಕ್ಕದಲ್ಲಿ ಆಗಸ್ಟ್ 12ರ ಟಿಪ್ಪಣಿಯನ್ನು ಇಟ್ಟು ನೋಡಿರಿ. ಕರಾವಳಿಯ ಕನ್ನಡ ಸೀಮೆ, ಕೊಯಮತ್ತೂರು, ವಯನಾಡು ಕಂಪೆನಿಗೆ ಸೇರಿದುವು. ಮೈಸೂರಿಗೆ ಸಮುದ್ರವು ಇಲ್ಲವಾಯಿತು. ಸಿಂಹಾಸನದ ಮೇಲೆ ಕೂರಿಸಲ್ಪಟ್ಟ ಐದು ವರ್ಷದ ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರ ರಾಜ್ಯವು ಕಂಪೆನಿಯ ಸೈನ್ಯದ ವೆಚ್ಚಕ್ಕಾಗಿ ವರ್ಷಕ್ಕೆ 7 ಲಕ್ಷ ವರಹಗಳನ್ನು ಕೊಡತಕ್ಕದ್ದೆಂದು ಗೊತ್ತಾಯಿತು. ಬಯಸಿದ್ದಕ್ಕಿಂತ ಹೆಚ್ಚೇ ದೊರೆಯಿತು.

ಇದನ್ನು ಬರೆದದ್ದು ಸುಲ್ತಾನನು ನಿರಪರಾಧಿಯೆಂದು ಸಾಧಿಸುವುದಕ್ಕಲ್ಲ. ರಹಸ್ಯವಾಗಿ ಫ್ರೆಂಚರನ್ನು ಕರೆದವನು ಅವನೇ. ಕಾಗದಗಳಿಗೆ ಕಾಲಕ್ಕೆ ಉತ್ತರ ಕೊಡದೆ ಶತ್ರುವಿನ ಕೈಗೆ ನೆಪವನ್ನು ಕೊಟ್ಟವನೂ ಅವನೇ. ಆದರೆ ನೆಪ ಬೇರೆ, ಕಾರಣ ಬೇರೆ. ಇವೆರಡನ್ನೂ ಬೇರ್ಪಡಿಸಲು ಶಾಲೆಯ ಹುಡುಗಿಗೂ ಸಾಧ್ಯವಾದ ಒಂದು ಉಪಾಯವುಂಟು: ತಾರೀಖುಗಳನ್ನು ಒಂದರ ಕೆಳಗೊಂದು ಬರೆಯುವುದು. ದೂರು ಮೊದಲೋ, ದವಸ ಕೂಡಿಸಿದ್ದು ಮೊದಲೋ? ಸರಕಾರಗಳ ಮಾತು ಏನೇ ಇರಲಿ, ಎತ್ತುಗಳ ಲೆಕ್ಕವು ಸುಳ್ಳು ಹೇಳುವುದಿಲ್ಲ.

ಇದು ಪರೀಕ್ಷೆಗೆ ಮಾತ್ರ ಬೇಕಾದ ವಿಷಯವೆಂದು ಪೋಷಕರು ತಿಳಿಯಬಾರದು. ಯುದ್ಧವನ್ನು ಸಂಕಲ್ಪಿಸುವವರು ದೂರದಲ್ಲಿರುತ್ತಾರೆ. ಹೊಲವು ಹಾಳಾಗುವುದು ದಾರಿಯ ಪಕ್ಕದವರದು. 1800ರಲ್ಲಿ ತುಮಕೂರು, ಗುಬ್ಬಿಗಳ ಕಡೆಯಾಗಿ ಸಂಚರಿಸಿದ ಡಾಕ್ಟರ್ ಬುಕಾನನನು ತನ್ನ ಪ್ರವಾಸದಲ್ಲಿ ಯುದ್ಧಗಳಿಂದ ಹಾಳುಬಿದ್ದ ಊರುಗಳನ್ನು ಮೇಲಿಂದ ಮೇಲೆ ಕಂಡು ಬರೆದಿದ್ದಾನೆ. ನಮ್ಮ ಹೆಣ್ಣುಮಕ್ಕಳು ಇಂದು ಮತ ಕೊಡುವವರು, ಪತ್ರಿಕೆ ಓದುವವರು. ಬೇರೆ ದಾರಿಯಿರಲಿಲ್ಲವೆಂದು ಯಾವ ದೇಶದ ಸರಕಾರವೇ ಹೇಳಲಿ, ಅದನ್ನು ನಂಬುವ ಮೊದಲು ಸಿದ್ಧತೆಯು ಎಂದಿನಿಂದ ನಡೆಯಿತೆಂದು ಕೇಳುವ ಅಭ್ಯಾಸವು ಅವರಿಗಿರಬೇಕು.

ಹುತ್ರಿದುರ್ಗದಲ್ಲಿ ಕೇಳಿದ ನನ್ನ ಮಗುವೇ, ಪರೀಕ್ಷೆಯಲ್ಲಿ 1799 ಎಂದು ಬರೆದು ಅಂಕವನ್ನು ಪಡೆದೆಯಷ್ಟೆ? ಅದೂ ತಪ್ಪಲ್ಲ. ಆದರೆ ನಿನ್ನ ಮಕ್ಕಳು ಅದೇ ಪ್ರಶ್ನೆಯನ್ನು ಕೇಳಿದಾಗ, 1798ನೆಯ ಇಸವಿ ಜೂನ್ 20ನೆಯ ತಾರೀಖು ಎಂದು ಹೇಳು, ಏತಕ್ಕೆಂಬುದನ್ನೂ ಹೇಳು.