1 ದೊಡ್ಡದೋ, 255 ದೊಡ್ಡದೋ?

ಒಂದನೇ ತರಗತಿಯ ಮಗುವೂ ತಟ್ಟನೆ ಉತ್ತರಿಸುವ ಈ ಪ್ರಶ್ನೆಯಲ್ಲಿ ಒಂದು ಕಂಪೈಲರ್ ಎಡವಿತ್ತು. ಉಬುಂಟು ಲಿನಕ್ಸ್‌ನ 8.04.1 ಆವೃತ್ತಿಯ ಜೊತೆ ಬಂದಿದ್ದ ಜಿಸಿಸಿ ಅದು. ಎಡವಿಸಿದ ಪ್ರೋಗ್ರಾಂ ಕೆಲವೇ ಸಾಲಿನದು. ಋಣಸಂಖ್ಯೆಯನ್ನೂ ಇಡಬಹುದಾದ ಒಂದು ಬೈಟ್‌ನಲ್ಲಿ 1, ಧನಸಂಖ್ಯೆ ಮಾತ್ರ ಹಿಡಿಸುವ ಇನ್ನೊಂದು ಬೈಟ್‌ನಲ್ಲಿ 255. ಮೊದಲನೆಯದು ದೊಡ್ಡದೇ? ‘ಅಲ್ಲ’ ಎನ್ನಬೇಕಿದ್ದ ಕಡೆ ‘ಹೌದು’ ಎಂಬ ಉತ್ತರ ಬಂತು. 255 ಎಂದರೆ ಎಂಟು ಬಿಟ್‌ಗಳೂ 1. ಅದೇ ಬಿಟ್‌ಗಳನ್ನು ಋಣಸಂಖ್ಯೆಯ ಲೆಕ್ಕದಲ್ಲಿ ಓದಿದರೆ -1 ಆಗುತ್ತದೆ; 1 ಅದಕ್ಕಿಂತ ದೊಡ್ಡದೇ! ಜಿಸಿಸಿಯ ಮೂಲ ಆವೃತ್ತಿಯಲ್ಲಿ ಈ ದೋಷ ಇರಲಿಲ್ಲ. ಉಬುಂಟುವಿಗಾಗಿ ಬಹಳಷ್ಟು ತೇಪೆ ಹಾಕಿದ ಆವೃತ್ತಿಯಲ್ಲಿ ಅದು ಕಾಣಿಸಿಕೊಂಡಿತ್ತು.

ನಾವು ಬರೆದ ಪ್ರೋಗ್ರಾಂ ಅನ್ನು ಯಂತ್ರಕ್ಕೆ ತಿಳಿಯುವ ಆದೇಶಗಳಾಗಿ ಬದಲಿಸುವ ತಂತ್ರಾಂಶವೇ ಕಂಪೈಲರ್. 1987ರಲ್ಲಿ ರಿಚರ್ಡ್ ಸ್ಟಾಲ್‌ಮನ್ ಹೊರತಂದ ಜಿಸಿಸಿ ಮತ್ತು ಆನಂತರ ಬಂದ ಎಲ್‌ಎಲ್‌ವಿಎಂ ಈ ಬಗೆಯ ಮುಕ್ತ ತಂತ್ರಾಂಶಗಳಲ್ಲಿ ಹೆಸರಾಂತವು. ಕಂಪೈಲರ್ ಕೆಲಸದ ನಡುವೆ ಕುಸಿದು ಬಿದ್ದರೆ ಅಷ್ಟು ಭಯವಿಲ್ಲ, ‘ಒಳದೋಷ’ ಎಂದು ತಾನೇ ಸಾರುತ್ತದೆ. ತುಟಿಪಿಟಕ್ಕೆನ್ನದೆ ತಪ್ಪು ಆದೇಶ ಬರೆದುಕೊಟ್ಟರೆ ಮಾತ್ರ ಫಜೀತಿ. ಪ್ರೋಗ್ರಾಂ ಬರೆದವರು ತಮ್ಮದೇ ಸಾಲುಗಳನ್ನು ಜಾಲಾಡುತ್ತಾ ದಿನಗಟ್ಟಲೆ ಕೂರುತ್ತಾರೆ.

ಹಾಗಾದರೆ ಕಂಪೈಲರ್ ಅನ್ನು ಪರೀಕ್ಷಿಸುವುದು ಹೇಗೆ? ಜಿಸಿಸಿಗೆ ತನ್ನನ್ನೇ ಕಟ್ಟಿಕೊಳ್ಳುವ ಕೆಲಸ ಕೊಡುತ್ತಾರೆ. ಯಂತ್ರದಲ್ಲಿ ಮೊದಲೇ ಇರುವ ಕಂಪೈಲರ್‌ನಿಂದ ಹೊಸ ಜಿಸಿಸಿ, ಅದರಿಂದ ಎರಡನೆಯದು, ಎರಡನೆಯದರಿಂದ ಮೂರನೆಯದು. ಕೊನೆಯ ಎರಡರ ಕಡತಗಳನ್ನು ಹೋಲಿಸಿದಾಗ ವ್ಯತ್ಯಾಸ ಕಂಡರೆ ಎಲ್ಲೋ ಎಡವಟ್ಟಾಗಿದೆ ಎಂದರ್ಥ. ಇದಲ್ಲದೆ ಸಾವಿರಾರು ಪುಟ್ಟ ಪ್ರೋಗ್ರಾಂಗಳ ಪರೀಕ್ಷಾಗುಚ್ಛವನ್ನೂ ಮತ್ತೆ ಮತ್ತೆ ಓಡಿಸುತ್ತಾರೆ.

ಆದರೆ ಮನುಷ್ಯರು ಬರೆದ ಪರೀಕ್ಷೆಗಳು ಮನುಷ್ಯರಿಗೆ ಹೊಳೆದ ದಾರಿಯಲ್ಲೇ ಸಾಗುತ್ತವೆ. ಅಮೆರಿಕದ ಯೂಟಾ ವಿಶ್ವವಿದ್ಯಾಲಯದ ಜಾನ್ ರೆಗರ್ ಮತ್ತು ಸಂಗಡಿಗರು ರೂಪಿಸಿದ ಸಿ-ಸ್ಮಿತ್, ಯಾರೂ ಬರೆಯಲು ಹೋಗದಂಥ ಗೋಜಲು ಪ್ರೋಗ್ರಾಂಗಳನ್ನು ಯಾದೃಚ್ಛಿಕವಾಗಿ ಹೊಸೆಯುತ್ತದೆ. ಒಂದೇ ಪ್ರೋಗ್ರಾಂ ಅನ್ನು ಹಲವು ಕಂಪೈಲರ್‌ಗಳಿಗೆ ಕೊಟ್ಟು ಉತ್ತರಗಳನ್ನು ತಾಳೆ ನೋಡಿದರಾಯಿತು. ಬೇರೆ ಉತ್ತರ ಕೊಟ್ಟದ್ದರ ಮೇಲೆ ಗುಮಾನಿ. ಸಿ ಭಾಷೆಯ ನಿಯಮಗಳು ಅರ್ಥವನ್ನೇ ನಿಗದಿ ಮಾಡದ ಬರವಣಿಗೆಯನ್ನು ಸಿ-ಸ್ಮಿತ್ ಎಚ್ಚರದಿಂದ ದೂರವಿಡುತ್ತದೆ. ಇಲ್ಲದಿದ್ದರೆ ಉತ್ತರ ಬೇರೆ ಬಂದರೂ ಯಾರನ್ನೂ ದೂರುವಂತಿಲ್ಲ. ಮೂರು ವರ್ಷಗಳಲ್ಲಿ ಹೀಗೆ 325ಕ್ಕೂ ಹೆಚ್ಚು ಹೊಸ ದೋಷಗಳು ಸಿಕ್ಕವೆಂದು ತಂಡ 2011ರಲ್ಲಿ ಪ್ರಕಟಿಸಿತು. ಪರೀಕ್ಷೆಗೆ ಒಳಗಾದ ಕಂಪೈಲರ್‌ಗಳಲ್ಲಿ ಒಂದೂ ಪಾರಾಗಲಿಲ್ಲ.

ದೋಷ ಸಿಕ್ಕಿತೆಂದರೆ ಅರ್ಧ ಕೆಲಸವಷ್ಟೇ ಆಯಿತು. ಸಾವಿರ ಸಾಲಿನ ಗೋಜಲನ್ನು ಯಾರು ಓದುತ್ತಾರೆ? ಆದ್ದರಿಂದ ಒಂದೊಂದೇ ತುಣುಕು ಕಿತ್ತು ನೋಡಬೇಕು. ದೋಷ ಹಾಗೇ ಉಳಿದರೆ ಆ ತುಣುಕು ಬೇಡ. ಮಾಯವಾದರೆ ಮರಳಿ ಸೇರಿಸಬೇಕು. ಇದನ್ನು ತಾನಾಗಿಯೇ ಮಾಡುವ ಸಲಕರಣೆಗಳೂ ಇವೆ. ಹೀಗೆ ಇಳಿಸಿದ ನಾಲ್ಕಾರು ಸಾಲುಗಳು ಬಗ್‌ಜಿಲ್ಲಾ ಎಂಬ ದೋಷದಾಖಲೆಯಲ್ಲಿ ಒಂದು ಸಂಖ್ಯೆ ಪಡೆಯುತ್ತವೆ. ಮೊದಲು ‘ಖಚಿತವಾಗಿಲ್ಲ’, ಬೇರೊಬ್ಬರೂ ಅದೇ ತಪ್ಪನ್ನು ಕಂಡ ಮೇಲೆ ‘ಹೊಸದು’, ಯಾರಾದರೂ ಕೈಗೆತ್ತಿಕೊಂಡರೆ ‘ವಹಿಸಿದೆ’, ಕೊನೆಗೆ ‘ಸರಿಪಡಿಸಿದೆ’. ಹಿಂದಿನ ಆವೃತ್ತಿಯಲ್ಲಿ ಸರಿಯಿದ್ದದ್ದು ಹೊಸದರಲ್ಲಿ ಕೆಟ್ಟಿದ್ದರೆ ಅದಕ್ಕೆ ವಿಶೇಷ ಗಮನ. ಅಂಥವುಗಳಲ್ಲಿ ಅತಿ ಗಂಭೀರವಾದವು ಬಾಕಿ ಇರುವಾಗ ಜಿಸಿಸಿಯ ಹೊಸ ಪ್ರಧಾನ ಆವೃತ್ತಿಯನ್ನು ಹೊರಬಿಡುವುದಿಲ್ಲ.

ದೋಷ ಸರಿಹೋದರೂ ಆ ನಾಲ್ಕಾರು ಸಾಲುಗಳನ್ನು ಎಸೆಯುವುದಿಲ್ಲ. ಸಾಮಾನ್ಯವಾಗಿ ದೋಷದ ಸಂಖ್ಯೆಯನ್ನೇ ಹೆಸರಾಗಿ ಹೊತ್ತು ಅವು ಪರೀಕ್ಷಾಗುಚ್ಛ ಸೇರುತ್ತವೆ. ಅದೇ ತಪ್ಪು ಮುಂದೊಂದು ದಿನ ಮರಳಿದರೆ ಆ ಪರೀಕ್ಷೆಯೇ ಹಿಡಿದುಕೊಡುತ್ತದೆ. ಕಂಪೈಲರ್‌ನ ಮೇಲೆ ನಾವಿಡುವ ನಂಬಿಕೆಗೆ ಆಧಾರ, ಅದು ತಪ್ಪೇ ಮಾಡುವುದಿಲ್ಲವೆಂಬುದಲ್ಲ. ಮಾಡಿದ ತಪ್ಪಿಗೆ ಲೆಕ್ಕ ಇಡುತ್ತಾರೆ ಎಂಬುದು.

ಈ ಲೆಕ್ಕಕ್ಕೆ ಯಾರು ಬೇಕಾದರೂ ಸೇರಿಸಬಹುದು. ನಿಮ್ಮ ಕಂಪೈಲರ್ ಕುಸಿದಾಗ ಬೈದು ಸುಮ್ಮನಾಗಬೇಡಿ. ಆವೃತ್ತಿ ಯಾವುದು, ಯಾವ ಆಯ್ಕೆಗಳನ್ನು ಕೊಟ್ಟಿದ್ದಿರಿ, ದೋಷ ತೋರಿಸುವ ಅತಿ ಚಿಕ್ಕ ಪ್ರೋಗ್ರಾಂ ಯಾವುದು ಎಂಬ ಮೂರನ್ನೂ ಬರೆದು ಕಳಿಸಿ.